ನರಿಕೊಂಬಿಗೆ ಬಂದ ಡಾಲ್ಫಿನ್

ನರಿಕೊಂಬಿನ ನಮ್ಮ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ, ಅಡಿಕೆ ಗೋಣಿಗಳ ಆಚೆ, ಒಂದು ಕೆಂಪು ಕಾರು ನಿಂತಿದೆ. ನೋಡಲು ಬಂದವರೆಲ್ಲ ಮೊದಲು ಬೆರಳಿನ ಗಂಟಿನಿಂದ ಅದರ ಬಾಗಿಲು ಕುಟ್ಟುತ್ತಾರೆ. ತಗಡಿನ ಸದ್ದಲ್ಲ, ಪ್ಲಾಸ್ಟಿಕ್ ಬಕೆಟ್ಟಿನ ಸದ್ದು. "ಇದು ಯಾವ ದೇಶದ್ದು ಮಾರಾಯ್ರೆ?" ಎಂದು ಕೇಳುತ್ತಾರೆ. ಬೆಂಗಳೂರಿನದ್ದು ಎಂದರೆ ನಂಬುವವರು ಕಡಿಮೆ.

ಬೆಂಗಳೂರಿನ ಸಿಪಾನಿ ಕಂಪನಿಯವರು 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ವಿಚಿತ್ರವೊಂದನ್ನು ಮಾಡಿದ್ದರು. ಅದು ಹೆಚ್ಚು ದೂರ ಓಡಲಿಲ್ಲ. ಆಮೇಲೆ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನ ನಕ್ಷೆ ತಂದು 1982ರಲ್ಲಿ ಡಾಲ್ಫಿನ್ ಹೊರಡಿಸಿದರು. ಎರಡು ಬಾಗಿಲು, ಫೈಬರ್ ಬಾಡಿ, 848 ಸಿಸಿಯ ಅಲ್ಯುಮಿನಿಯಂ ಇಂಜಿನ್, ಹಿಂದಿನ ಚಕ್ರಕ್ಕೆ ಎಳೆತ. ಅಂಬಾಸಡರ್ ಮತ್ತು ಪದ್ಮಿನಿ ಬಿಟ್ಟರೆ ಬೇರೆ ಕಾರೇ ಕಾಣದ ಕಾಲದಲ್ಲಿ ಇಷ್ಟು ಹಗುರದ ಗಾಡಿ ಸಿಕ್ಕಿದರೆ ರೇಸಿನ ಹುಡುಗರು ಬಿಡುತ್ತಾರೆಯೇ? ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಯುದ್ಧಕಾಲದ ಹಳೆಯ ವಿಮಾನ ನಿಲ್ದಾಣದ ಮೇಲೆ, ಅದನ್ನು ಓಡಿಸಿದರು. ಸ್ಪೋರ್ಟ್ಸ್ ಕಾರು ಎಂಬ ಮಾತನ್ನು ಸಿನಿಮಾದಲ್ಲಷ್ಟೇ ಕೇಳಿದ್ದ ನಮ್ಮಂಥವರಿಗೆ ಡಾಲ್ಫಿನ್ನೇ ಸ್ಪೋರ್ಟ್ಸ್ ಕಾರು.

ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಡಾಲ್ಫಿನ್ನಿನ ಕತೆ ಅಲ್ಲಿಗೆ ಮುಗಿದ ಹಾಗೆಯೇ. 1987ರಲ್ಲಿ ಮೊಂಟಾನ ಎಂಬ ಹೆಸರಿನಲ್ಲಿ ಬಾಗಿಲು ಹೆಚ್ಚಿಸಿ ನೋಡಿದರು, ಜನ ತಿರುಗಿ ನೋಡಲಿಲ್ಲ.

ಜನ ಬಿಟ್ಟದ್ದನ್ನು ನಾನು 1989ರಲ್ಲಿ ಹುಡುಕಿಕೊಂಡು ಬೆಂಗಳೂರಿಗೆ ಹೋದೆ. ಮಾರುವವರು ಕೈ ಒರೆಸಿಕೊಳ್ಳುತ್ತ, "ಫುಲ್ ಇಂಜಿನ್ ಕೆಲಸ ಆಗಿದೆ, ಇನ್ನೂ ಸಾವಿರ ಕಿಲೋಮೀಟರ್ ಓಡಿಲ್ಲ" ಎಂದರು. ಆ ಒಂದು ಮಾತಿಗೇ ನಾನು ಬಿದ್ದೆ.

ಈಗಿನ ಹುಡುಗರು ಇಂಜಿನ್ ಬಿಚ್ಚಿದ ಕಾರು ಎಂದರೆ ಹಿಂದೆ ಸರಿಯುತ್ತಾರೆ. ನಮ್ಮ ಕಾಲಕ್ಕೆ ಅದೇ ದೊಡ್ಡ ಶಿಫಾರಸು. ಹೊಸ ಅಂಬಾಸಡರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು, ಹಾಗಾಗಿ ಹಳೆಯದನ್ನೇ ಮತ್ತೆ ಮತ್ತೆ ಹೊಸದು ಮಾಡುವುದು. ಬೋರ್ ಸವೆಯಿತೇ, ಲೇತಿನವರಲ್ಲಿ 20 ಥೌ ಹೊಡೆಸು, ದಪ್ಪ ಪಿಸ್ಟನ್ ಹಾಕು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಮತ್ತೆ ಸವೆದರೆ 40, ಆಮೇಲೆ 60. ಅದೂ ಮುಗಿದರೆ ಸ್ಲೀವ್ ಇಳಿಸಿ ಮೊದಲಿನಿಂದ ಶುರು. ಬೀಡು ಕಬ್ಬಿಣದ ಆ ಬ್ಲಾಕು ಎಲ್ಲವನ್ನೂ ತಾಳಿಕೊಳ್ಳುತ್ತಿತ್ತು. ಹತ್ತಿರದ ಬಿ.ಸಿ. ರೋಡಿನಲ್ಲಿ ಸರ್ವಿಸ್ ಟ್ಯಾಕ್ಸಿಯಾಗಿ ಓಡುತ್ತಿದ್ದ ಅಂಬಾಸಡರುಗಳಿಗೆ ಎಷ್ಟು ಜನ್ಮವಾಯಿತು ಎಂದು ಅವುಗಳ ಧಣಿಗಳಿಗೂ ಲೆಕ್ಕವಿರಲಿಲ್ಲ.

ಇಂಜಿನ್ ಬಿಚ್ಚಿ ಕಟ್ಟುವ ಈ ವಿದ್ಯೆ ನಮ್ಮ ಜಿಲ್ಲೆಗೆ ಅಂಬಾಸಡರಿನ ಜೊತೆ ಬಂದದ್ದಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗಿನಿಂದ ಯಂತ್ರ ರಿಪೇರಿ ಇಲ್ಲಿನವರ ಕೈಗೆ ಹತ್ತಿತ್ತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್, ನಮ್ಮ ಬಾಯಲ್ಲಿ ಸಿ.ಪಿ.ಸಿ., ಬಸ್ಸಿನ ಕಂಪನಿಯಾಗಿ ಶುರುವಾಯಿತು. ಅದರ ಹಿಂದಿದ್ದ ವಾಮನ ಶ್ರೀನಿವಾಸ ಕುಡ್ವರು ಮುಂದೆ ಕೆನರಾ ವರ್ಕ್‌ಶಾಪ್ ಕಟ್ಟಿ ಗಾಡಿಗಳ ಪಾಟಾ, ಅಂದರೆ ಲೀಫ್ ಸ್ಪ್ರಿಂಗ್, ಮಾಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ರೇಶನ್ನಾದಾಗ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಆ ಗ್ಯಾಸಿನ ಜೊತೆ ಬೂದಿಯೂ ಸಿಲಿಂಡರಿಗೆ ಹೋಗಿ ಉಪ್ಪುಕಾಗದದಂತೆ ಗೋಡೆ ಉಜ್ಜುತ್ತಿತ್ತು. ಹಾಗೆ ಸವೆದ ಇಂಜಿನ್ನುಗಳನ್ನು ಬಿಚ್ಚಿ ಬಿಚ್ಚಿಯೇ ಒಂದು ತಲೆಮಾರು ಮೆಕ್ಯಾನಿಕ್ಕುಗಳು ತಯಾರಾದರು ಎಂಬುದು ನನ್ನ ಎಣಿಕೆ. ಅವರ ಶಿಷ್ಯರು ನೇತ್ರಾವತಿ ದಂಡೆಯ ತೋಟಗಳಿಗೆ ಇಳಿದು ಪಂಪ್‌ಸೆಟ್ಟುಗಳನ್ನೂ ನೋಡಿಕೊಂಡರು.

ಸರಿ, ನನ್ನ ಕಾರು. ಹಾಸನ ದಾಟಿತು, ಸಕಲೇಶಪುರ ದಾಟಿತು, ಶಿರಾಡಿ ಘಾಟಿಯ ತಿರುವುಗಳಲ್ಲಿ ಮೀನಿನ ಹಾಗೆಯೇ ನುಸುಳಿತು. ಅಷ್ಟು ಸಂತೋಷ ನನಗೆ ಮದುವೆಯ ದಿಬ್ಬಣದಲ್ಲೂ ಆಗಿರಲಿಲ್ಲ, ಇದನ್ನು ಹೆಂಡತಿ ಓದಬಾರದು. ಉಪ್ಪಿನಂಗಡಿ ಕಳೆದ ಮೇಲೆ ಟೆಂಪರೇಚರ್ ಮುಳ್ಳು ಏರತೊಡಗಿತು. ಕಲ್ಲಡ್ಕದಲ್ಲಿ ನಿಲ್ಲಿಸಿ, ಒಂದು ಕೆ.ಟಿ. ಚಹಾ ಕುಡಿದು, ರೇಡಿಯೇಟರಿಗೆ ನೀರು ಹೊಯ್ದೆ. ಹೊಯ್ದಷ್ಟೂ ಹಿಡಿಯಿತು. ಕೆಳಗೆ ಒಂದು ಹನಿಯೂ ಸೋರಿರಲಿಲ್ಲ. ನೀರು ಹೋದದ್ದೆಲ್ಲಿಗೆ ಎಂದು ಆಗಲೇ ಯೋಚಿಸಬೇಕಿತ್ತು.

ಮರುದಿನ ಪಾಣೆಮಂಗಳೂರಿನಿಂದ ಮೇಸ್ತ್ರಿ ಬಂದರು. ಎಳೆಯ ವಯಸ್ಸಿನಲ್ಲಿ ಬಸ್ಸಿನ ಶೆಡ್ಡಿನಲ್ಲಿ ಕೆಲಸ ಕಲಿತವರು. ಅವರು ಇಂಜಿನ್ ಸ್ಟಾರ್ಟ್ ಮಾಡಲು ಬಿಡಲಿಲ್ಲ. ಡಿಪ್‌ಸ್ಟಿಕ್ ಎಳೆದು ಬಿಸಿಲಿಗೆ ಹಿಡಿದರು. ಆಯಿಲ್ ಕಪ್ಪಗೂ ಇರಲಿಲ್ಲ, ಹೊಂಬಣ್ಣವೂ ಇರಲಿಲ್ಲ, ಚೆನ್ನಾಗಿ ಕಡೆದ ಮಜ್ಜಿಗೆಯ ಬಣ್ಣ. "ಉಂದು ಇಂಜಿನ್ ಅತ್ತ್, ಅಳೆತ ಕರ" ಎಂದರು. ಇದು ಇಂಜಿನ್ ಅಲ್ಲ, ಮಜ್ಜಿಗೆಯ ಗಡಿಗೆ. ಅಪ್ಪ ಜಗಲಿಯಿಂದ ಎದ್ದು ಒಳಗೆ ಹೋದರು.

ಹೆಡ್ ಬಿಚ್ಚಿದಾಗ ಗುಟ್ಟು ತಿಳಿಯಿತು. ಅಂಬಾಸಡರಿನಲ್ಲಿ ಸಿಲಿಂಡರು ಬ್ಲಾಕಿನಲ್ಲೇ ಕೊರೆದದ್ದು. ಇದರಲ್ಲಿ ಹಾಗಲ್ಲ, ಅಲ್ಯುಮಿನಿಯಂ ಬ್ಲಾಕಿನೊಳಗೆ ನಾಲ್ಕು ಕಬ್ಬಿಣದ ಲೈನರುಗಳು ಬೇರೆಯಾಗಿ ಕೂತಿರುತ್ತವೆ, ಅವುಗಳ ಸುತ್ತ ನೀರು ಓಡುತ್ತದೆ. ಬುಡದಲ್ಲಿ ಎರಡೆರಡು ಲೈನರಿಗೆ ಒಂದರಂತೆ, ಇಂಗ್ಲಿಷಿನ ಎಂಟರ ಆಕಾರದ ತೆಳ್ಳನೆಯ ಗ್ಯಾಸ್ಕೆಟ್. ಲೈನರಿನ ತುಟಿ ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು, ಆಗಲೇ ಹೆಡ್ ಅದನ್ನು ಒತ್ತಿ ಹಿಡಿಯುವುದು. ಮೇಸ್ತ್ರಿ ಸ್ಟೀಲ್ ಸ್ಕೇಲನ್ನು ಅಡ್ಡಡ್ಡ ಇಟ್ಟು ಫೀಲರ್ ಗೇಜ್ ತೂರಿಸಿದರು. ಎರಡು ಲೈನರು ಮೇಲಿದ್ದವು, ಎರಡು ಹೂತಿದ್ದವು. ಹಿಂದಿನವರು ಹೊಸ ಪಿಸ್ಟನ್, ಹೊಸ ರಿಂಗ್ ಎಲ್ಲ ಹಾಕಿದ್ದರು, ಸುಳ್ಳು ಹೇಳಿರಲಿಲ್ಲ. ಬುಡದಲ್ಲಿ ಮಾತ್ರ ಹಳೆಯ ಗ್ಯಾಸ್ಕೆಟ್ಟಿಗೇ ಶೆಲಾಕ್ ಬಳಿದು ಕೂರಿಸಿದ್ದರು. ಉಳಿಸಿದ್ದು ನಾಲ್ಕು ಕಾಸು.

ಡಾಲ್ಫಿನ್ನಿನ ಗ್ಯಾಸ್ಕೆಟ್ ಮಂಗಳೂರಿನಲ್ಲೆಲ್ಲೂ ಸಿಗಲಿಲ್ಲ. ಮೇಸ್ತ್ರಿ ಗ್ಯಾಸ್ಕೆಟ್ ಕಾಗದ ತರಿಸಿ, ಹಳೆಯದನ್ನು ಮೇಲಿಟ್ಟು, ಗುಂಡು ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ಕುಟ್ಟುತ್ತ ಎಂಟರ ಆಕಾರ ಕತ್ತರಿಸಿದರು. ಹೂತ ಲೈನರುಗಳಿಗೆ ಕೊಂಚ ದಪ್ಪ ಕಾಗದ. ಮಟ್ಟ ಸರಿಹೋಗುವವರೆಗೆ ಮೂರು ಸಲ ಬಿಚ್ಚಿ ಕಟ್ಟಿದರು. ಆ ಕೂಲಿಗೆ ಅವರು ಕೇಳಿದ ಮೊತ್ತ ಹೇಳಿದರೆ ಇಂದಿನ ಸರ್ವಿಸ್ ಸೆಂಟರಿನವರು ನಕ್ಕಾರು. ಕಾರು ಆಮೇಲೆ ಹದಿನಾರು ವರ್ಷ ಓಡಿತು.

ನಿಂತದ್ದು ಇಂಜಿನ್ನಿನಿಂದಲ್ಲ. ಫೈಬರ್ ಬಾಡಿಗೆ ತುಕ್ಕಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಕೆಳಗಿನ ಚಾಸಿಸ್ ಉಕ್ಕಿನದೆಂಬುದನ್ನು ನಮ್ಮ ಮಳೆ ಮರೆತಿರಲಿಲ್ಲ. ಮಳೆ ಸುರಿಯುವ ಒಂದು ಆಟಿ ತಿಂಗಳಲ್ಲಿ ಜಾಕ್ ಹಾಕಿದರೆ ಜಾಕೇ ಒಳಗೆ ಹೋಯಿತು.

ಈಗ ಮಗ ಚಾಸಿಸ್ ಬೆಸುಗೆ ಮಾಡಿಸಿದ್ದಾನೆ. ಬಿ.ಸಿ. ರೋಡಿನ ಹಳೆಯ ಲೇತುಗಳಲ್ಲಿ ಹೆಚ್ಚಿನವು ಗೇಟು ಗ್ರಿಲ್ಲು ಮಾಡುತ್ತಿವೆ. ಮೇಸ್ತ್ರಿ ಇಲ್ಲ, ಇಂಜಿನ್ ಮತ್ತೆ ಬಿಚ್ಚಿದಾಗ ಅವರು ಕತ್ತರಿಸಿದ ಕಾಗದವೂ ಗಟ್ಟಿಯಾಗಿ ಹಪ್ಪಳದಂತೆ ಮುರಿಯಿತು. ಓದುಗರಲ್ಲಿ ಯಾರ ಅಟ್ಟದಲ್ಲಾದರೂ ಡಾಲ್ಫಿನ್ನಿನದೋ ಮೊಂಟಾನದ್ದೋ ಲೈನರ್ ಗ್ಯಾಸ್ಕೆಟ್ ಒಂದು ಜೊತೆ ಬಿದ್ದಿದ್ದರೆ, ಎಸೆಯುವ ಮೊದಲು ದಯವಿಟ್ಟು ನರಿಕೊಂಬಿಗೊಂದು ಮಾತು ತಿಳಿಸಿ.