ಎಣಿಕೆಗೆ ಸಿಕ್ಕವರು: ಕೋವಿಡ್ ಕಾಲದ ಕರ್ನಾಟಕದಲ್ಲಿ ಸಣ್ಣ ಕಸುಬುದಾರರ ಪರಿಹಾರಧನ

2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೋವಿಡ್ ನಿಯಮಗಳನ್ನು ಹೊರಡಿಸಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ. ಮುಂಬಯಿ ಪ್ಲೇಗಿನ ಹೊತ್ತಿನಲ್ಲಿ ಅವಸರದಲ್ಲಿ ಹುಟ್ಟಿದ ಈ ಪುಟ್ಟ ಕಾಯ್ದೆ ಆಗ ನಷ್ಟಪರಿಹಾರವನ್ನು ಪ್ರಸ್ತಾಪಿಸುತ್ತಿದ್ದುದು ಒಂದೇ ಕಡೆ, ಅದೂ ಕಂಸದೊಳಗೆ, ‘ಏನಾದರೂ ಇದ್ದರೆ’ ಎಂಬ ಅರ್ಥದಲ್ಲಿ. ಅಂಗಡಿ ಮುಚ್ಚಿಸುವ ಅಧಿಕಾರ ಕಾಯ್ದೆಯಿಂದ ಬಂತು. ಮುಚ್ಚಿದ ಅಂಗಡಿಗೆ ದುಡ್ಡು ಕೊಡುವುದು ಮಾತ್ರ ಆಯಾ ಸರ್ಕಾರದ ಮರ್ಜಿಗೆ ಉಳಿಯಿತು.

ಆ ಮರ್ಜಿ ಮೊದಲು ಕಂಡದ್ದು 2020ರ ಮೇ 6ರಂದು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪ್ರಕಟಿಸಿದ 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ 2,30,000 ಕ್ಷೌರಿಕರು, 60,000 ಅಗಸರು, 7,75,000 ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ ತಲಾ 5,000 ರೂಪಾಯಿ ಎಂದಿತ್ತು. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ ಆಯಿತು. ಕ್ಷೌರದಂಗಡಿಗಳು ಆಗಿನ್ನೂ ಬಾಗಿಲು ತೆಗೆದಿರಲಿಲ್ಲ. ದಿನದ ಸಂಪಾದನೆ ನಿಂತರೂ ಅಂಗಡಿ ಬಾಡಿಗೆ ನಿಲ್ಲುವುದಿಲ್ಲ ಎಂಬುದನ್ನು ನೆನೆದರೆ 5,000 ಎಷ್ಟು ದಿನಕ್ಕೆ ಬಂದೀತು ಎಂಬ ಲೆಕ್ಕ ಯಾರಿಗೂ ಕಷ್ಟವಲ್ಲ.

ಕಷ್ಟ ಇದ್ದದ್ದು ಆ 5,000 ಕೈಗೆ ಬರುವುದರಲ್ಲಿ. ರಾಜ್ಯದ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಚಾಲಕನಿಗೆ ಲೈಸೆನ್ಸ್, ಬ್ಯಾಡ್ಜ್ ಇರುತ್ತವೆ. ಅಪ್ಪನಿಂದ ಕತ್ತರಿ ಹಿಡಿಯುವುದನ್ನು ಕಲಿತವನ ಕೈಯಲ್ಲಿ ‘ಇವನು ಕ್ಷೌರಿಕ’ ಎನ್ನುವ ಕಾಗದ ಎಲ್ಲಿಂದ ಬರಬೇಕು? ಅಧಿಕಾರಿಯ ಸಹಿಯಿದ್ದ ಉದ್ಯೋಗ ದೃಢೀಕರಣ ಪತ್ರವೇ ಅವನ ಕಸುಬಿಗೆ ಸಾಕ್ಷಿಯಾಗಬೇಕಾಯಿತು.

ಮುಂದಿನ ವರ್ಷದ ಅಂಕಿಗಳನ್ನು ಪಕ್ಕದಲ್ಲಿಟ್ಟರೆ ಇದರ ಪರಿಣಾಮ ಕಣ್ಣಿಗೆ ಹೊಡೆಯುತ್ತದೆ. ಎರಡನೇ ಅಲೆಯಲ್ಲಿ, 2021ರ ಮೇ 19ರಂದು ಬಂದ 1,250 ಕೋಟಿಯ ಪ್ಯಾಕೇಜಿನಲ್ಲಿ ಚಾಲಕರ ಸಂಖ್ಯೆ 2,10,000. ತಲಾ 3,000 ರೂಪಾಯಿ. ಕ್ಷೌರಿಕರು, ಅಗಸರ ಜೊತೆಗೆ ಟೈಲರ್, ಹಮಾಲಿ, ಕುಂಬಾರ, ಕಮ್ಮಾರ, ಮೆಕ್ಯಾನಿಕ್ ಮುಂತಾದವರನ್ನೂ ಸೇರಿಸಿ 11 ವರ್ಗಗಳಿಗೆ ತಲಾ 2,000 ಎಂದರು. ಎಲ್ಲರೂ ಕೂಡಿ ಸುಮಾರು 3,04,000 ಜನ. ಹಿಂದಿನ ವರ್ಷ ಕ್ಷೌರಿಕರೂ ಅಗಸರೂ ಸೇರಿಯೇ 2,90,000 ಇದ್ದರಲ್ಲ! ಒಂದು ವರ್ಷದಲ್ಲಿ ಮುಕ್ಕಾಲು ಪಾಲು ಚಾಲಕರು ಸ್ಟೇರಿಂಗ್ ಬಿಟ್ಟು ಹೋದರೆಂದು ಯಾರೂ ನಂಬಲಾರರು. ಮೊದಲನೆಯದು ಅಂದಾಜಿನ ಎಣಿಕೆ, ಎರಡನೆಯದು ದಾಖಲೆಯ ಎಣಿಕೆ ಎಂದೇ ನನ್ನ ಓದು.

ಕೇಂದ್ರದ ದಾರಿ ಬೇರೆ. 2020ರ ಮೇ ತಿಂಗಳಲ್ಲಿ ಘೋಷಿಸಿದ 3 ಲಕ್ಷ ಕೋಟಿಯ ತುರ್ತು ಸಾಲ ಖಾತರಿ ಯೋಜನೆ ನಗದಿನ ನೆರವಲ್ಲ, ಬ್ಯಾಂಕಿಗೆ ಕೊಟ್ಟ ಜಾಮೀನು. ಫೆಬ್ರವರಿ 29ಕ್ಕೆ ಬಾಕಿಯಿದ್ದ ಸಾಲದ ಶೇ. 20ರಷ್ಟು ಹೊಸ ಸಾಲ. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವನಿಗೆ ಸೊನ್ನೆಯ ಶೇ. 20 ಎಷ್ಟು?

ಈ ಕೊರತೆಯನ್ನು ಸ್ವಲ್ಪ ತುಂಬಿದ್ದು 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ. ಮಾರ್ಚ್ 24ಕ್ಕೆ ಮೊದಲೇ ಗಾಡಿ ಇಟ್ಟಿದ್ದ ಬೀದಿ ವ್ಯಾಪಾರಿಗೆ ಅಡಮಾನವಿಲ್ಲದೆ 10,000 ರೂಪಾಯಿವರೆಗೆ ಸಾಲ, ಶೇ. 7ರ ಬಡ್ಡಿ ಸಹಾಯಧನ. ಗುರುತಿನ ಚೀಟಿ ಇಲ್ಲದವರಿಗೆ ನಗರಸಭೆ, ಪಾಲಿಕೆಗಳ ಶಿಫಾರಸು ಪತ್ರವೂ ಸಾಕಿತ್ತು. ಹೀಗೆ ಸಾಲಕ್ಕೆಂದು ತಯಾರಾದ ನೋಂದಣಿಯೇ ಮರುವರ್ಷ ರಾಜ್ಯಕ್ಕೆ ಒದಗಿ ಬಂತು: 2021ರಲ್ಲಿ 2,000 ರೂಪಾಯಿ ಘೋಷಣೆಯಾದ 2,20,000 ಬೀದಿ ವ್ಯಾಪಾರಿಗಳು ಈ ಯೋಜನೆಯಲ್ಲಿ ಹೆಸರು ಬರೆಸಿಕೊಂಡಿದ್ದವರು.