ಕಲುಷಿತ ನೆಲದ ಪುನರಭಿವೃದ್ಧಿ: ಅಮೆರಿಕದಲ್ಲಿ ಜನರ ಪಾಲಿನ ಚರಿತ್ರೆ

ವಿಷ ತುಂಬಿದ ನೆಲವನ್ನು ಮತ್ತೆ ಬಳಕೆಗೆ ತರುವ ಕೆಲಸವನ್ನು ಅಮೆರಿಕದ ಆಡಳಿತ ಬಹುಕಾಲ ಎಂಜಿನಿಯರುಗಳಿಗೂ ವಕೀಲರಿಗೂ ಬಿಟ್ಟಿತ್ತು. ನಯಾಗರ ಫಾಲ್ಸ್ ಊರಿನ ಲವ್ ಕೆನಾಲ್ ಬಡಾವಣೆಯ ಅಡಿಯಲ್ಲಿ ಹೂತಿದ್ದ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ 1978ರಲ್ಲಿ ಇಡೀ ದೇಶದ ಸುದ್ದಿಯಾಯಿತು. 1980ರ ಡಿಸೆಂಬರಿನಲ್ಲಿ ಸೂಪರ್‌ಫಂಡ್ ಎಂದು ಹೆಸರಾದ ಕಾಯಿದೆ ಬಂತು. ನೆಲ ಕೆಡಿಸಿದವರೇ ಶುದ್ಧೀಕರಣದ ಖರ್ಚು ಹೊರಬೇಕೆಂಬುದು ಅದರ ತಿರುಳು. ಆದರೆ ಹೊಣೆ ಆ ನೆಲದ ಈಗಿನ ಮಾಲೀಕರ ಮೇಲೂ ಬೀಳುತ್ತಿದ್ದುದರಿಂದ ಹಳೆಯ ಕಾರ್ಖಾನೆಯ ಜಾಗ ಕೊಳ್ಳಲು ಹೂಡಿಕೆದಾರರು ಅಂಜಿದರು, ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಬಂಡವಾಳ ಊರಾಚೆಯ ಹೊಲಗಳಿಗೆ ಹೋಯಿತು, ನಗರದೊಳಗಿನ ನೆಲ ಪಾಳುಬಿತ್ತು. ಈ ಪಾಳುನೆಲಗಳಿಗೆ ಬ್ರೌನ್‌ಫೀಲ್ಡ್ ಎಂಬ ಹೆಸರು ನಿಂತಿತು. ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ 1995ರಲ್ಲಿ ಇವಕ್ಕಾಗಿ ಕಾರ್ಯಯೋಜನೆ ಪ್ರಕಟಿಸಿತು. 2002ರ ಕಾಯಿದೆ ಪ್ರಾಮಾಣಿಕ ಖರೀದಿದಾರರಿಗೆ ಹೊಣೆಯಿಂದ ರಕ್ಷಣೆ ಕೊಟ್ಟಿತು.

ಇದು ಬಂಡವಾಳದ ಕಡೆಯಿಂದ ಬರೆದ ಚರಿತ್ರೆ. ಪಾಳುನೆಲದ ಪಕ್ಕದಲ್ಲೇ ಬದುಕಿದವರ ಚರಿತ್ರೆ ಬೇರೆಯೇ ಇದೆ. 1982ರಲ್ಲಿ ಉತ್ತರ ಕೆರೊಲಿನಾದ ವಾರನ್ ಕೌಂಟಿಯಲ್ಲಿ, ಕಪ್ಪು ಜನರೇ ಹೆಚ್ಚಿದ್ದ ಬಡ ಪ್ರದೇಶಕ್ಕೆ ಪಿಸಿಬಿ ಎಂಬ ವಿಷ ರಾಸಾಯನಿಕ ಬೆರೆತ ಮಣ್ಣನ್ನು ತಂದು ಸುರಿಯುವುದನ್ನು ತಡೆಯಲು ಹೋಗಿ ಐನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಮರುವರ್ಷ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಆಗ್ನೇಯ ಭಾಗದ ಎಂಟು ರಾಜ್ಯಗಳಲ್ಲಿ ಅಪಾಯಕಾರಿ ತ್ಯಾಜ್ಯ ಹೂಳುವ ನಾಲ್ಕು ದೊಡ್ಡ ತಾಣಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಮೂರು ಕಪ್ಪು ಜನರೇ ಹೆಚ್ಚಿರುವ ಊರುಗಳಲ್ಲಿದ್ದವು. ಈ ಹೋರಾಟದ ಫಲವಾಗಿ 1994ರಲ್ಲಿ ಅಧ್ಯಕ್ಷ ಕ್ಲಿಂಟನ್ ಪರಿಸರ ನ್ಯಾಯದ ಆದೇಶ ಹೊರಡಿಸಿದರು. 1995ರಲ್ಲಿ ಇಪಿಎಯ ಪರಿಸರ ನ್ಯಾಯ ಸಲಹಾ ಮಂಡಳಿ ಬಾಸ್ಟನ್, ಫಿಲಡೆಲ್ಫಿಯಾ, ಡೆಟ್ರಾಯಿಟ್, ಓಕ್ಲೆಂಡ್, ಅಟ್ಲಾಂಟಾಗಳಲ್ಲಿ ಬ್ರೌನ್‌ಫೀಲ್ಡ್ ಕುರಿತು ಸಾರ್ವಜನಿಕ ಸಂವಾದ ನಡೆಸಿತು.

ಈ ಎರಡು ಚರಿತ್ರೆಗಳನ್ನು ಜೊತೆಗಿಟ್ಟು ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ನ್ಯಾಯವೆಂಬುದು ಶುದ್ಧೀಕರಣ ಮುಗಿದ ಮೇಲೆ ಹಂಚುವ ಲಾಭವಲ್ಲ, ಶುದ್ಧೀಕರಣ ಎಷ್ಟಾಗಬೇಕು ಎಂಬ ನಿರ್ಧಾರದಲ್ಲೇ ಅದು ಅಡಗಿದೆ. ಮಣ್ಣಿನಲ್ಲಿ ಎಷ್ಟು ಸೀಸ, ಎಷ್ಟು ಆರ್ಸೆನಿಕ್ ಉಳಿಯಬಹುದು ಎಂಬುದನ್ನು ಆ ನೆಲದ ಮುಂದಿನ ಬಳಕೆಯನ್ನು ನೋಡಿ ಗೊತ್ತುಮಾಡುತ್ತಾರೆ. ಮಕ್ಕಳು ಆಡುವ ಅಂಗಳಕ್ಕೆ ಮಿತಿ ಬಿಗಿ, ಗೋದಾಮಿಗೆ ಸಡಿಲ. ಡಾಂಬರು ಹೊದಿಸಿ, ಬಾವಿ ತೋಡಬಾರದೆಂದು ನೆಲದ ಹಕ್ಕುಪತ್ರದಲ್ಲಿ ಬರೆದು, ವಿಷವನ್ನು ಅಲ್ಲೇ ಬಿಡುವುದೂ ಉಂಟು. ಹೀಗಾಗಿ ನೆಲ ಏನಾಗಬೇಕೆಂದು ತೀರ್ಮಾನಿಸುವವರೇ ಅಲ್ಲಿ ಎಷ್ಟು ವಿಷ ಉಳಿಯಬೇಕೆಂದೂ ತೀರ್ಮಾನಿಸುತ್ತಾರೆ. ಯೋಜನೆ ಸಿದ್ಧವಾದ ಮೇಲೆ ನಡೆಸುವ ಅಹವಾಲು ಸಭೆಯಲ್ಲಿ ಜನರಿಗೆ ಉಳಿಯುವುದು ಹೌದು ಎನ್ನುವ ಅಥವಾ ಪ್ರತಿಭಟಿಸುವ ಅವಕಾಶ ಮಾತ್ರ.

ಜನರನ್ನು ಮೊದಲಿನಿಂದ ಸೇರಿಸಿಕೊಂಡರೆ ಕೆಲಸ ಎಳೆಯುತ್ತದೆ, ಹೂಡಿಕೆದಾರರು ಓಡಿಹೋಗುತ್ತಾರೆ ಎಂಬುದು ಹಳೆಯ ಆಕ್ಷೇಪ. ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ಇದಕ್ಕೆ ಗಟ್ಟಿಯಾದ ಉತ್ತರ. ಅಲ್ಲಿನ ಆರ್ಕ್‌ರೈಟ್ ಮತ್ತು ಫಾರೆಸ್ಟ್ ಪಾರ್ಕ್ ಕೇರಿಗಳ ಕಪ್ಪು ಕುಟುಂಬಗಳು ಮುಚ್ಚಿದ ಗೊಬ್ಬರದ ಕಾರ್ಖಾನೆ ಮತ್ತು ನಗರದ ಹಳೆಯ ಕಸದ ಗುಂಡಿಯ ಪಕ್ಕದಲ್ಲಿ ಬಾಳುತ್ತಿದ್ದವು. ಆ ಊರಿನವರೇ ಆದ ಹೆರಾಲ್ಡ್ ಮಿಚೆಲ್ 1998ರಲ್ಲಿ ರೀಜೆನೆಸಿಸ್ ಎಂಬ ಸಂಘಟನೆ ಕಟ್ಟಿದರು. ಇಪಿಎ ಕೊಟ್ಟ 20,000 ಡಾಲರ್ ಅನುದಾನದಿಂದ ಶುರುವಾದ ಕೆಲಸಕ್ಕೆ ಮುಂದೆ 25 ಕೋಟಿ ಡಾಲರಿಗೂ ಹೆಚ್ಚು ಸರ್ಕಾರಿ ಮತ್ತು ಖಾಸಗಿ ಹಣ ಕೂಡಿಬಂತು. ಪಕ್ಕದಲ್ಲೇ ಇನ್ನೂ ನಡೆಯುತ್ತಿದ್ದ ಒಂದು ರಾಸಾಯನಿಕ ಕಾರ್ಖಾನೆಯನ್ನೂ ನಿವಾಸಿಗಳು ಮಾತುಕತೆಗೆ ಕೂರಿಸಿದರು. ಆರೋಗ್ಯ ಕೇಂದ್ರ, ಹೊಸ ಮನೆಗಳು, ಸಮುದಾಯ ಭವನ ಎದ್ದವು. ಏನು ಬೇಕೆಂದು ಹೇಳಬಲ್ಲ ಸಂಘಟಿತ ಜನ ಇದ್ದುದರಿಂದಲೇ ಹಣ ಹಾಕುವವರಿಗೆ ಭರವಸೆ ಹುಟ್ಟಿತು. ಹೂಡಿಕೆದಾರರನ್ನು ಮೊದಲು ಓಡಿಸಿದ್ದು ಹೊಣೆಗಾರಿಕೆಯ ಭಯವೇ ಹೊರತು ಜನರ ಮಾತಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ನೆಲ ಶುದ್ಧವಾದರೆ ಬೆಲೆ ಏರುತ್ತದೆ, ಬಾಡಿಗೆ ಹೆಚ್ಚುತ್ತದೆ, ವಿಷವನ್ನು ಉಂಡವರೇ ಕೊನೆಗೆ ಊರು ಬಿಡಬೇಕಾಗುತ್ತದೆ. ಇದು ಕಲ್ಪಿತ ಭಯವಲ್ಲ, ಇಪಿಎಯ ಪರಿಸರ ನ್ಯಾಯ ಸಲಹಾ ಮಂಡಳಿಯೇ 2006ರ ವರದಿಯಲ್ಲಿ ಈ ಅಪಾಯವನ್ನು ಎತ್ತಿಹೇಳಿತ್ತು. ಹಾಗೆಂದು ಬಡವರ ನೆಲವನ್ನು ಕೊಳಕಾಗಿಯೇ ಬಿಡುವುದು ಪರಿಹಾರವಾಗದು. ಬಾಸ್ಟನ್ನಿನ ಡಡ್ಲಿ ಸ್ಟ್ರೀಟ್ ನಿವಾಸಿಗಳು ಬೇರೆ ದಾರಿ ತೋರಿಸಿದ್ದಾರೆ. ಹೊರಗಿನವರು ಕಸ ಸುರಿಯುತ್ತಿದ್ದ ತಮ್ಮ ಕೇರಿಯ ಖಾಲಿ ನಿವೇಶನಗಳನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಅವರ ಸಂಘಟನೆ 1988ರಲ್ಲಿ ನಗರಾಡಳಿತದಿಂದಲೇ ಪಡೆಯಿತು. ನೆಲ ಸಮುದಾಯದ ಟ್ರಸ್ಟ್‌ನಲ್ಲಿ ಉಳಿಯುತ್ತದೆ, ಮನೆ ಮಾತ್ರ ಕುಟುಂಬದ್ದು, ಮರುಮಾರಾಟದ ಬೆಲೆಗೆ ಮಿತಿಯುಂಟು. ಬೆಲೆ ಏರಿಕೆಯಿಂದ ಜನರನ್ನು ಕಾಪಾಡಿದ್ದು ಒಡೆತನದ ಈ ವ್ಯವಸ್ಥೆ.

2025ರ ಜನವರಿಯಲ್ಲಿ ಕ್ಲಿಂಟನ್ನರ ಪರಿಸರ ನ್ಯಾಯದ ಆದೇಶ ರದ್ದಾಯಿತು. ಸಹಿಯಿಂದ ಬಂದ ನ್ಯಾಯ ಸಹಿಯಿಂದಲೇ ಹೋಗಬಹುದು. ಜನರ ಕೈಯಲ್ಲಿರುವ ಟ್ರಸ್ಟ್ ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಕರ್ನಾಟಕಕ್ಕೆ ಈ ಪಾಠ ದೂರದ್ದಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳು ಉಳಿದಿವೆ. ಅಂಥ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಕೇಂದ್ರ ಸರ್ಕಾರ 2025ರಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆ ನಿಯಮ ತಂದಿದೆಯಾದರೂ ಗಣಿಗಾರಿಕೆಯ ಮಾಲಿನ್ಯವನ್ನು ಸಾಮಾನ್ಯವಾಗಿ ಬೇರೆ ಕಾನೂನುಗಳಿಗೆ ಬಿಟ್ಟಿದೆ. ಚಿನ್ನ ತೆಗೆದ ಮೇಲೆ ಆ ನೆಲ ಏನಾಗಬೇಕು, ಯಾರ ಹೆಸರಿನಲ್ಲಿರಬೇಕು ಎಂಬ ಪ್ರಶ್ನೆಯನ್ನು ಗುತ್ತಿಗೆಗೆ ಸಹಿ ಬೀಳುವ ಮೊದಲೇ ಗಣಿ ಕಾರ್ಮಿಕರ ಕುಟುಂಬಗಳ ಮುಂದಿಡಬೇಕು. ತಲೆಮಾರುಗಳಿಂದ ಆ ದಿಬ್ಬಗಳ ದೂಳನ್ನು ಉಸಿರಾಡಿದವರಿಗೆ ಆ ನಿರ್ಧಾರದಲ್ಲಿ ಮೊದಲ ಹಕ್ಕಿದೆ.