ತೆನೆ ಬಂದ ದಾರಿ

ಪೇಟೆಯ ಅಡಿಗೆಮನೆಗಳಿಗೆ ಈಚೆಗೆ ಬಂದು ಸೇರಿರುವ ಒಂದು ಪೆಟ್ಟಿಗೆಗೆ ಏರ್ ಫ್ರೈಯರ್ ಎಂದು ಹೆಸರು. ಗಾಳಿಯಲ್ಲೇ ಕರಿಯುತ್ತದೆ ಎಂದು ಹೇಳಿ ಮಾರುತ್ತಾರೆ. ನಿಜ ನೋಡಿದರೆ ಅದು ಕರಿಯುವುದೇ ಇಲ್ಲ. ಮೇಲ್ಭಾಗದಲ್ಲಿ ಕಾಯುವ ತಂತಿಯ ಸುರುಳಿ, ಅದರ ಬೆನ್ನಿಗೊಂದು ಫ್ಯಾನು, ಕೆಳಗೆ ತೂತುತೂತಿನ ಬುಟ್ಟಿ. ಬಿಸಿಗಾಳಿ ಬುಟ್ಟಿಯಲ್ಲಿರುವುದನ್ನು ಸುತ್ತಿ ಸುತ್ತಿ ಸುಡುತ್ತದೆ, ಅಷ್ಟೆ. ಫಿಲಿಪ್ಸ್ ಕಂಪನಿ ಇದನ್ನು 2010ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನವೊಂದರಲ್ಲಿ ಜಗತ್ತಿಗೆ ತೋರಿಸಿತು. ಇದರಲ್ಲಿ ಸೊಗಸಾಗಿ ಬೇಯುವ ಪದಾರ್ಥಗಳಲ್ಲಿ ಮುಸುಕಿನ ಜೋಳದ ತೆನೆಯೂ ಒಂದು. 200 ಡಿಗ್ರಿ ಶಾಖ, 12ರಿಂದ 15 ನಿಮಿಷ, ನಡುವೆ ಒಮ್ಮೆ ಮಗುಚಿದರೆ ಸಾಕು. ನೀರಿನಲ್ಲಿ ಬೇಯಿಸಿದ ತೆನೆಗೆ 100 ಡಿಗ್ರಿಗಿಂತ ಹೆಚ್ಚಿನ ಬಿಸಿ ತಾಗುವುದಿಲ್ಲವಾದ್ದರಿಂದ ಅದು ಮೆತ್ತಗಾಗುತ್ತದೆಯೇ ಹೊರತು ಕೆಂಪಾಗುವುದಿಲ್ಲ. ಗಾಳಿಯ ಒಣ ಬಿಸಿಗೆ ಕಾಳು ಕೆಂಪೇರುತ್ತದೆ, ಘಮ್ಮೆನ್ನುತ್ತದೆ.

ಸಂತೆಯ ಅಂಚಿನಲ್ಲಿ ಇದ್ದಿಲ ಒಲೆಯ ಮುಂದೆ ಕುಳಿತು ಬೀಸಣಿಗೆ ಬೀಸುವ ಹೆಂಗಸು ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೆ? ಅವಳ ಕೈಯ ಬೀಸಣಿಗೆ ಪೆಟ್ಟಿಗೆಯೊಳಗೆ ಹೋಗಿ ಕುಳಿತಿದೆ. ಒಲೆಗಳು ಹೀಗೆ ಬದಲಾಗುತ್ತಲೇ ಬಂದಿವೆ. ಅದು ಅಂಥ ದೊಡ್ಡ ಸಂಗತಿಯಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಆ ತೆನೆ. ಅದು ಎಲ್ಲಿಂದ ಹೊರಟಿತು, ಬರುವಾಗ ಏನನ್ನು ತಂದಿತು, ಏನನ್ನು ಹಿಂದೆ ಬಿಟ್ಟು ಬಂದಿತು?

ಹೆಸರಿನಿಂದಲೇ ತೊಡಗಬಹುದು. ಮೈಸೂರಿನ ಕಡೆಯವರಿಗೆ ಇದು ಮುಸುಕಿನ ಜೋಳ. ಧಾರವಾಡದ ಕಡೆಗೆ ಗೋವಿನ ಜೋಳ, ಆಡುಮಾತಿನಲ್ಲಿ ಗೊಂಜಾಳ. ಪಠ್ಯಪುಸ್ತಕಗಳಲ್ಲಿ, ಮಾರುಕಟ್ಟೆಯ ಪಟ್ಟಿಗಳಲ್ಲಿ ಮೆಕ್ಕೆಜೋಳ. ಹೊಸದಾಗಿ ಬಂದವನನ್ನು ಪರಿಚಿತನ ಹೆಸರಿನಿಂದಲೇ ಕರೆದು, ಗುರುತಿಗೆ ಮುಂದೊಂದು ಮಾತು ಸೇರಿಸುವುದು ನಮ್ಮ ಜನರ ರೀತಿ. ಬೇರೆ ದೇಶದವರದೂ ಇದೇ ಕಥೆ. ಇಟಲಿಯವರು ಇದನ್ನು ‘ತುರ್ಕರ ಧಾನ್ಯ’ ಎಂದರು. ತುರ್ಕಿಯವರು ‘ಮಿಸಿರ್’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅದು ಈಜಿಪ್ಟಿನ ಹೆಸರೂ ಹೌದು. ಇಂಗ್ಲಿಷರಿಗೆ ಇದು ‘ಇಂಡಿಯನ್ ಕಾರ್ನ್’ ಆಯಿತು. ಅಲ್ಲಿ ಇಂಡಿಯನ್ ಎಂದರೆ ನಾವಲ್ಲ, ಅಮೆರಿಕದ ಮೂಲನಿವಾಸಿಗಳು. ಮೆಕ್ಕೆ ಎಂಬುದನ್ನು ಮೆಕ್ಕಾದೊಂದಿಗೆ ಜೋಡಿಸುವವರು ನಮ್ಮಲ್ಲಿದ್ದಾರೆ. ಪ್ರತಿಯೊಬ್ಬರೂ ತೆನೆಯನ್ನು ಕೈಯಲ್ಲಿ ಹಿಡಿದು ‘ಇದು ನಮ್ಮದಲ್ಲ, ಆಚೆಯವರದು’ ಎಂದು ಪಕ್ಕದವನ ಕಡೆಗೆ ಬೆರಳು ತೋರಿಸಿದಂತಿದೆ.

ಬೆರಳುಗಳೆಲ್ಲ ತೋರಬೇಕಾಗಿದ್ದದ್ದು ಮೆಕ್ಸಿಕೋದ ಕಡೆಗೆ. ಅಲ್ಲಿನ ನೈರುತ್ಯ ಭಾಗದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ತಿಯೋಸಿಂಟೆ ಎಂಬ ಕಾಡುಹುಲ್ಲು ಬೆಳೆಯುತ್ತದೆ. ಅದರ ತೆನೆಯಲ್ಲಿ ಹತ್ತು ಹನ್ನೆರಡು ಕಾಳಿದ್ದರೆ ಹೆಚ್ಚು. ಒಂದೊಂದಕ್ಕೂ ಕಲ್ಲಿನಂಥ ಚಿಪ್ಪು. ಸುಮಾರು 9000 ವರ್ಷಗಳ ಹಿಂದೆ ಅಲ್ಲಿನ ಜನ ಈ ಹುಲ್ಲನ್ನು ಆರಿಸಿ ಆರಿಸಿ ಬಿತ್ತಿ, ತಲೆಮಾರುಗಳ ತಾಳ್ಮೆಯಿಂದ ಜೋಳವನ್ನಾಗಿ ಮಾಡಿದರು. ಪೆರು ದೇಶದ ಕರಾವಳಿಯ ಪರೆದೋನೆಸ್ ಮತ್ತು ವಾಕಾ ಪ್ರಿಯೆಟಾ ಎಂಬ ದಿಬ್ಬಗಳಲ್ಲಿ ಸಿಕ್ಕ ದಿಂಡುಗಳಿಗೆ 6700 ವರ್ಷಗಳ ವಯಸ್ಸು. ಆ ಜನ ಕಾಳನ್ನು ಅರಳಿಸಿಯೂ ತಿನ್ನುತ್ತಿದ್ದರು. ಅಂದರೆ ಜೋಳವನ್ನು ಬೆಂಕಿಗೆ ಹಿಡಿಯುವ ಕಲೆ ಅಲ್ಲಿ ಮಡಕೆಗಿಂತಲೂ ಹಳೆಯದು. ಇನ್ನೊಂದು ಮಾತು: ಮುಸುಕಿನೊಳಗೆ ಬಂಧಿಯಾದ ಕಾಳು ತಾನಾಗಿ ಉದುರಿ ಹರಡಲಾರದು. ಮನುಷ್ಯನ ಕೈ ಬಿಡಿಸಿ ಬಿತ್ತದಿದ್ದರೆ ಈ ಗಿಡದ ವಂಶವೇ ನಿಲ್ಲುತ್ತದೆ.

ಎಳೆಯ ತೆನೆಯನ್ನು ಸುಟ್ಟು ತಿನ್ನುವುದು ಎಲ್ಲ ಕಾಲಕ್ಕೂ ಬಾಯಿಚಪಲದ ವಿಷಯ. ಒಣಗಿದ ಕಾಳು ಹೊಟ್ಟೆಯ ವಿಷಯ. ಮೆಕ್ಸಿಕೋದ ಹೆಂಗಸರು ಒಣಕಾಳನ್ನು ಬರಿಯ ನೀರಿನಲ್ಲಿ ಬೇಯಿಸುತ್ತಿರಲಿಲ್ಲ. ಸುಣ್ಣ ಅಥವಾ ಬೂದಿ ಹಾಕಿ ಕುದಿಸಿ, ರಾತ್ರಿಯಿಡೀ ನೆನೆಬಿಟ್ಟು, ಬೆಳಗ್ಗೆ ತೊಳೆದು ರುಬ್ಬಿ ರೊಟ್ಟಿ ತಟ್ಟುತ್ತಿದ್ದರು. ಸಿಪ್ಪೆ ಕಳಚಿ ಹಿಟ್ಟು ಹದವಾಗಿ ಬರುತ್ತದೆ ಎಂಬುದು ಕಣ್ಣಿಗೆ ಕಾಣುವ ಲಾಭ. ಕಾಣದ ಲಾಭ ಇನ್ನೊಂದಿತ್ತು. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ನಮ್ಮ ದೇಹಕ್ಕೆ ದಕ್ಕದ ರೂಪದಲ್ಲಿ ಅಡಗಿರುತ್ತದೆ. ಸುಣ್ಣದ ನೀರು ಅದನ್ನು ಬಿಡಿಸಿಕೊಡುತ್ತದೆ.

1492ರ ತರುವಾಯ ಕಾಳು ಹಡಗು ಹತ್ತಿತು. ಸುಣ್ಣ ಹತ್ತಲಿಲ್ಲ. ಗಂಡಸರು ಬೀಜ ಹೊತ್ತು ತಂದರು. ಅಡಿಗೆ ತಿಳಿದಿದ್ದ ಹೆಂಗಸರನ್ನು ಯಾರೂ ಕೇಳಲಿಲ್ಲ. ಅದರ ಬೆಲೆಯನ್ನು ತೆತ್ತವರು ಬಡವರು. ಜೋಳವೊಂದನ್ನೇ ನಂಬಿದ್ದ ಸ್ಪೇನಿನ ಅಸ್ತೂರಿಯಾಸ್ ಪ್ರಾಂತ್ಯದ ರೈತರಲ್ಲಿ ಚರ್ಮ ಬಿರಿದು, ಭೇದಿ ಹತ್ತಿ, ಕೊನೆಗೆ ಬುದ್ಧಿ ಕೆಡುವ ಒಂದು ರೋಗವನ್ನು ಗಾಸ್ಪಾರ್ ಕಸಾಲ್ ಎಂಬ ವೈದ್ಯ 1735ರಲ್ಲಿ ಗುರುತಿಸಿದ. ಇಟಲಿಯವರು ಅದಕ್ಕೆ ‘ಪೆಲ್ಲಾಗ್ರ’ ಎಂದರು. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಸುಮಾರು ಒಂದು ಲಕ್ಷ ಜನ ಇದರಿಂದ ಸತ್ತರು. ಇದು ಅಂಟುರೋಗವೆಂದೇ ವೈದ್ಯರು ವಾದಿಸುತ್ತಿದ್ದಾಗ, 1914ರಲ್ಲಿ ತನಿಖೆಗೆ ಹೊರಟ ಜೋಸೆಫ್ ಗೋಲ್ಡ್‌ಬರ್ಗರ್ ದೋಷ ಊಟದ ತಟ್ಟೆಯಲ್ಲಿದೆ ಎಂದು ತೋರಿಸಿದ. ಕೊರತೆ ಯಾವುದರದು ಎಂಬುದು ಖಚಿತವಾದದ್ದು 1937ರಲ್ಲಿ.

ನಮ್ಮ ನಾಡಿನಲ್ಲಿ ಹಾಗಾಗಲಿಲ್ಲವೆ ಎಂದು ಕೇಳಬಹುದು. ಪೋರ್ಚುಗೀಸರ ಹಡಗುಗಳ ಮೂಲಕ ತೆನೆ ಇಲ್ಲಿಗೆ ಬಂತೆಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಆದರೆ ನಮ್ಮ ತಟ್ಟೆಯಲ್ಲಿ ರಾಗಿ, ಬಿಳಿಜೋಳ, ಸಜ್ಜೆ, ನವಣೆಗಳು ಮೊದಲೇ ಕುಳಿತಿದ್ದವು. ಹೊಸಬನಿಗೆ ಸಿಕ್ಕಿದ್ದು ಹಿತ್ತಲ ಮೂಲೆ ಮತ್ತು ಮಳೆಗಾಲದ ಸಂಜೆ. ಹಾಗಾಗಿ ಅದರಿಂದ ನಾವು ಕೆಡಲಿಲ್ಲ. ಅದೇ ಪೆಲ್ಲಾಗ್ರ ದಖ್ಖಣದಲ್ಲಿ ಬಿಳಿಜೋಳವನ್ನೇ ಉಂಡು ಬದುಕಿದ ಕೂಲಿಗಳಲ್ಲಿ ಕಾಣಿಸಿಕೊಂಡಿತು. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲಿ ಅದರ ಕಾರಣಗಳ ಬಗ್ಗೆ ಬರೆದರು. ಒಂದೇ ಧಾನ್ಯಕ್ಕೆ ಬದುಕನ್ನು ಕಟ್ಟಿಹಾಕುವ ಬಡತನವೇ ಎಲ್ಲೆಡೆಯೂ ಮೂಲರೋಗ. ಎಲೆಯಡಿಕೆ ಸಂಚಿಯ ಸುಣ್ಣದ ಡಬ್ಬಿ ನಮ್ಮ ಮನೆಮನೆಯಲ್ಲೂ ಇತ್ತು. ಅದನ್ನು ಜೋಳಕ್ಕೆ ಹಾಕಬಹುದೆಂದು ಹೇಳುವವರು ಮಾತ್ರ ಬರಲಿಲ್ಲ.

ತೆನೆ ಕೊಲಂಬಸನಿಗಿಂತ ಮೊದಲೇ ನಮ್ಮಲ್ಲಿತ್ತು ಎಂಬ ವಾದವೊಂದಿದೆ. ಅದರ ಸಾಕ್ಷಿಕಟ್ಟೆ ನಮ್ಮ ಸೋಮನಾಥಪುರವೇ. 1268ರಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ದೇವಾಲಯದ ಹೊರಗೋಡೆಯ ವಿಗ್ರಹಗಳಲ್ಲಿ ಹಲವು ಕೈಯಲ್ಲೊಂದು ಉದ್ದನೆಯ ವಸ್ತುವನ್ನು ಹಿಡಿದಿವೆ. ಅದು ಜೋಳದ ತೆನೆಯೇ ಎಂದು 1989ರಲ್ಲಿ ಅಮೆರಿಕದ ಕಾರ್ಲ್ ಜೊಹಾನೆಸೆನ್ ಮತ್ತು ಆನ್ ಪಾರ್ಕರ್ ಬರೆದರು. 1993ರಲ್ಲಿ ಪಾಯಕ್ ಮತ್ತು ಸಚನ್ ಎಂಬ ನಮ್ಮ ವಿಜ್ಞಾನಿಗಳು, ಅದು ತೆನೆಯಲ್ಲ, ಮುತ್ತುಗಳನ್ನು ಪೋಣಿಸಿದಂತೆ ಕಲ್ಪಿಸಿದ ಮುಕ್ತಾಫಲ ಎಂದು ಉತ್ತರ ಕೊಟ್ಟರು. ಆ ವಿಗ್ರಹಗಳ ಮುಂದೆ ನಾನೂ ನಿಂತು ನೋಡಿದ್ದೇನೆ. ತೆನೆ ಎಂದುಕೊಂಡು ನೋಡಿದರೆ ತೆನೆಯೇ. ಪಕ್ಕದ ವಿಗ್ರಹದ ಕೊರಳಿನ ಹಾರವನ್ನು ನೋಡಿ ಮತ್ತೆ ತಿರುಗಿದರೆ ಮುತ್ತೇ. ಹೊಯ್ಸಳರ ಶಿಲ್ಪಿಗೆ ಸಾಲು ಮಣಿಗಳೆಂದರೆ ಅಷ್ಟು ಇಷ್ಟ. ಕಲ್ಲಿಗಿಂತ ನಾನು ನಂಬುವುದು ಒಲೆಯನ್ನು. ದೇವರ ಕೈಗೇರುವಷ್ಟು ಬಳಕೆಯ ಬೆಳೆಯಾಗಿದ್ದರೆ ಅದಕ್ಕೆ ಸ್ವಂತದ ಹೆಸರಿರುತ್ತಿತ್ತು, ಹಬ್ಬದ ನೈವೇದ್ಯದಲ್ಲಿ ಜಾಗವಿರುತ್ತಿತ್ತು, ಮಣ್ಣಿನಡಿಯಲ್ಲಿ ಕರಿಕಾದ ಕಾಳಾದರೂ ಉಳಿಯುತ್ತಿತ್ತು. ವಿದ್ವಾಂಸರೆಲ್ಲ ಒಪ್ಪುವಂಥ ಅಷ್ಟು ಹಳೆಯ ಕಾಳು ಈವರೆಗೆ ಸಿಕ್ಕಿಲ್ಲ. ಪುರಾತನವಾಗಿದ್ದರೆ ಮಾತ್ರ ನಮ್ಮದು ಎಂಬ ಹಟವಾದರೂ ಏಕೆ? ಮೆಣಸಿನಕಾಯಿಯೂ ಆ ಕಡೆಯಿಂದಲೇ ಬಂದದ್ದು. ಅದಿಲ್ಲದ ಸಾರನ್ನು ಇಂದು ಯಾರು ಉಣ್ಣುತ್ತಾರೆ?

ಹಿತ್ತಲಲ್ಲಿದ್ದ ಜೋಳ ಹೊಲ ತುಂಬಿದ್ದು ಸ್ವಾತಂತ್ರ್ಯದ ಮೇಲೆ. 1957ರಲ್ಲಿ ಮೆಕ್ಕೆಜೋಳಕ್ಕಾಗಿ ಅಖಿಲ ಭಾರತ ಮಟ್ಟದ ಸಂಶೋಧನಾ ಯೋಜನೆ ಶುರುವಾಗಿ, 1961ರಲ್ಲಿ ಗಂಗಾ, ದಖ್ಖಣ ಮೊದಲಾದ ಹೈಬ್ರಿಡ್ ತಳಿಗಳು ಹೊರಬಂದವು. ಇಂದು ದಾವಣಗೆರೆ, ಹಾವೇರಿಯ ಕಡೆ ಮಳೆಗಾಲದಲ್ಲಿ ಹೋದರೆ ಕಣ್ಣು ಹಾಯುವಷ್ಟು ದೂರ ಇದೇ ಪೈರು. ಅದರಲ್ಲಿ ಬಹುಪಾಲು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥೆನಾಲಿಗೆ ಹೋಗುತ್ತದೆ. ಹೈಬ್ರಿಡ್ ಪೈರಿನ ಕಾಳನ್ನು ಎತ್ತಿಟ್ಟು ಮರುವರ್ಷ ಬಿತ್ತಿದರೆ ಅದೇ ಇಳುವರಿ ಬರುವುದಿಲ್ಲ. ಬೀಜಕ್ಕೆ ಪ್ರತಿವರ್ಷ ಅಂಗಡಿಗೇ ಹೋಗಬೇಕು. ಮನುಷ್ಯನ ಕೈ ಇಲ್ಲದೆ ಬಾಳದ ಗಿಡ, ಅಂಗಡಿಯಿಲ್ಲದೆ ಅದನ್ನು ಬೆಳೆಯಲಾರದ ರೈತ. ಸುಣ್ಣ ಬಿಟ್ಟುಹೋದಂತೆ, ಅಟ್ಟದ ಮೇಲಿನ ಬೀಜದ ತೆನೆಯೂ ದಾರಿಯಲ್ಲಿ ಬಿಟ್ಟುಹೋಯಿತು.

ಏರ್ ಫ್ರೈಯರಿಗೆ ಹೋಗುವ ತೆನೆ ಇವೆರಡಕ್ಕಿಂತ ಬೇರೆ. ಸಾಮಾನ್ಯ ತೆನೆಯಲ್ಲಿ ಸಕ್ಕರೆ ಬೇಗ ಬೇಗ ಪಿಷ್ಟವಾಗುತ್ತದೆ. ಎಂದೇ ಕಿತ್ತ ದಿನವೇ ಸುಡಬೇಕೆಂದು ಹಿರಿಯರು ಹೇಳುತ್ತಿದ್ದರು. ಈ ಬದಲಾವಣೆಯನ್ನು ತಡೆಯುವ ಒಂದು ವಂಶಗುಣದ ಮಹಿಮೆಯನ್ನು ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ 1953ರಲ್ಲಿ ಪ್ರಕಟಿಸಿದ. ಇಂದಿನ ಅತಿಸಿಹಿಯ ಸ್ವೀಟ್ ಕಾರ್ನ್ ತಳಿಗಳಲ್ಲಿ ಅನೇಕವು ಆ ಗುಣದ ಸಂತಾನ. ಅದರಲ್ಲಿ ನೀರೂ ಸಕ್ಕರೆಯೂ ಹೆಚ್ಚು, ಬಿಸಿಗಾಳಿಗೆ ಒಗ್ಗುತ್ತದೆ. ನಾಟಿ ತೆನೆಯನ್ನು ಹಾಗೆಯೇ ಇಟ್ಟರೆ ಕಾಳು ಒಣಗಿ ಹಲ್ಲಿಗೆ ಕೆಲಸ ಕೊಡುತ್ತದೆ. ಕೆಂಡದಲ್ಲಿ ಸುಡುವಾಗ ಕಾಳಿನ ನೀರನ್ನು ಕಾಯುತ್ತಿದ್ದದ್ದು ಮುಸುಕು. ಪೆಟ್ಟಿಗೆಯಲ್ಲಿ ಮುಸುಕು ಸಲ್ಲದು, ಸಡಿಲಾದ ಎಸಳು ಹಾರಿ ಮೇಲಿನ ಸುರುಳಿಗೆ ತಾಗೀತು. ಆದ್ದರಿಂದ ನಾಟಿ ತೆನೆಯನ್ನು ಮೊದಲು ಹಬೆಯಲ್ಲಿ 10 ನಿಮಿಷ ಬೇಯಿಸಿ, ತುಪ್ಪ ಸವರಿ, ಆಮೇಲೆ ಗಾಳಿಗೆ ಒಡ್ಡುವುದು ಮೇಲು.

ಬೆಂದ ಮೇಲೆ ನಿಂಬೆಯ ಹೋಳನ್ನು ಉಪ್ಪುಖಾರಕ್ಕೆ ಅದ್ದಿ ತೆನೆಯ ಮೈಗೆಲ್ಲ ತಿಕ್ಕುವುದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಮೆಕ್ಸಿಕೋದ ಬೀದಿಗಳಲ್ಲೂ ಸುಟ್ಟ ತೆನೆಗೆ ನಿಂಬೆ, ಉಪ್ಪು, ಮೆಣಸಿನಪುಡಿಯನ್ನೇ ಹಚ್ಚುತ್ತಾರೆ. ಜೋಳವೂ ಮೆಣಸಿನಕಾಯಿಯೂ ಅವರಿಂದ ನಮಗೆ ಬಂದವು. ನಿಂಬೆ ಏಷ್ಯಾದಿಂದ ಹೊರಟು ಸ್ಪೇನಿನವರ ಕೈಯಲ್ಲಿ ಅವರಲ್ಲಿಗೆ ಹೋಯಿತು. ಅವರು ನಮಗೆ ಹೇಳಲಿಲ್ಲ, ನಾವು ಅವರಿಗೆ ಹೇಳಲಿಲ್ಲ. ಎರಡು ಕಡೆಯ ನಾಲಿಗೆಗಳೂ ಒಂದೇ ತೀರ್ಮಾನಕ್ಕೆ ಬಂದವು.